ಮೂರೇ ಜಾಗ, ಆರು ಹೆಸರು: ಫ್ಯಾಂಟಸಿ ಬೇಸ್‌ಬಾಲ್‌ನಲ್ಲಿ ಕೀಪರ್ ಆರಿಸುವ ಲೆಕ್ಕ

ಮಾರ್ಚ್ ಬಂತು ಅಂದರೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬೇರೆ ಮಾತೇ ಇರುವುದಿಲ್ಲ. ಹನ್ನೆರಡು ಜನರ ಲೀಗು. ಅರ್ಧ ಜನ ಕನ್ನಡದವರು, ಉಳಿದವರು ಆಫೀಸಿನ ಗೆಳೆಯರು. ನಾನಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ. ಇಬ್ಬರು ನ್ಯೂಜೆರ್ಸಿಯಲ್ಲಿ, ಒಬ್ಬ ಅಟ್ಲಾಂಟಾದಲ್ಲಿ. ಲೀಗು ನಡೆಸುವ ಕಮಿಷನರ್ ಮೈಸೂರಿನವನು, ಶಿಸ್ತಿನ ಮನುಷ್ಯ. "ಭಾನುವಾರ ರಾತ್ರಿ ಒಂಬತ್ತಕ್ಕೆ ಪಟ್ಟಿ ಮುಚ್ತೀನಿ, ಆಮೇಲೆ ಬಂದು ಅಳಬೇಡಿ" ಎಂದು 2026ರ ಸೀಸನ್ನಿಗೂ ಮೆಸೇಜ್ ಹಾಕಿದ್ದಾನೆ. ನನ್ನ ಹತ್ತಿರ ಆರು ಹೆಸರುಗಳಿವೆ. ಉಳಿಸಿಕೊಳ್ಳಬಹುದಾದದ್ದು ಮೂರು.

ಈ ಆಟಕ್ಕೆ ಹೊಸಬರಾದರೆ ಎರಡು ಮಾತು. ಮೇಜರ್ ಲೀಗಿನ 30 ತಂಡಗಳ ಆಟಗಾರರನ್ನು ನಾವು ಗೆಳೆಯರೆಲ್ಲ ಸರದಿಯ ಮೇಲೆ ಹಂಚಿಕೊಳ್ಳುತ್ತೇವೆ. ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಆಮೇಲೆ 162 ಪಂದ್ಯಗಳ ಉದ್ದಕ್ಕೂ ಅವರು ನಿಜವಾಗಿ ಹೊಡೆದ ಹೋಮ್ ರನ್ (ನಮ್ಮ ಸಿಕ್ಸರ್ ಹಾಗೆ), ಕದ್ದ ಬೇಸ್ (ಪಿಚರ್, ಅಂದರೆ ಬೌಲರ್, ಎಸೆಯುವ ಹೊತ್ತಿಗೆ ಮುಂದಿನ ಬೇಸಿಗೆ ಓಡಿ ಸೇರುವುದು), ಮಾಡಿದ ಸ್ಟ್ರೈಕೌಟ್ (ಮೂರು ಸ್ಟ್ರೈಕಿಗೆ ಬ್ಯಾಟ್ಸ್‌ಮನ್ ಔಟ್) ಎಲ್ಲ ನಮ್ಮ ಖಾತೆಗೆ. ಈ ಆಟದ ರೊಟಿಸರಿ ಎಂಬ ಬಗೆ ಹುಟ್ಟಿದ್ದು 1980ರಲ್ಲಿ, ನ್ಯೂಯಾರ್ಕಿನಲ್ಲಿ. ಗೆಳೆಯರು ಸೇರುತ್ತಿದ್ದ ಹೋಟೆಲಿನ ಹೆಸರೇ ಆಟಕ್ಕೂ ಅಂಟಿಕೊಂಡಿತು. ಅಂದರೆ ಮೊದಲಿನಿಂದಲೂ ಇದು ಗೆಳೆಯರು ಗೆಳೆಯರ ಜೊತೆ ಜಗಳ ಆಡುವ ಆಟವೇ. ಕೀಪರ್ ಅಂದರೆ ಹೋದ ವರ್ಷದ ತಂಡದಿಂದ ಕೆಲವರನ್ನು ಮರಳಿ ಡ್ರಾಫ್ಟಿಗೆ ಬಿಡದೆ ಇಟ್ಟುಕೊಳ್ಳುವುದು.

ಐಪಿಎಲ್ ನೋಡುವವರಿಗೆ ಇದು ಅರ್ಥವಾಗಲು ರಜತ್ ಪಾಟೀದಾರ್ ಸಾಕು. 2022ರ ಹರಾಜಿನಲ್ಲಿ ಅವರನ್ನು ಯಾರೂ ಕೊಳ್ಳಲಿಲ್ಲ. ಗಾಯಗೊಂಡ ಕರ್ನಾಟಕದ ಲವ್‌ನೀತ್ ಸಿಸೋಡಿಯಾ ಜಾಗಕ್ಕೆ ಆರ್‌ಸಿಬಿ 20 ಲಕ್ಷಕ್ಕೆ ಕರೆಸಿಕೊಂಡಿತು. ಆ ವರ್ಷವೇ ಎಲಿಮಿನೇಟರ್‌ನಲ್ಲಿ ಔಟಾಗದೆ 112. ಮುಂದಿನ ಸೀಸನ್ ಪೂರ್ತಿ ಗಾಯ. ಆದರೂ ಬಿಡಲಿಲ್ಲ. 20 ಲಕ್ಷಕ್ಕೆ ಸಿಕ್ಕವರನ್ನು ಯಾರು ಬಿಡುತ್ತಾರೆ? 2025ಕ್ಕೆ 11 ಕೋಟಿ ಕೊಟ್ಟು ಉಳಿಸಿಕೊಂಡರು, ಅವರೇ ಕ್ಯಾಪ್ಟನ್ ಆದರು, ಕಪ್ಪೂ ಬಂತು. ಕೊಹ್ಲಿಯನ್ನು ಉಳಿಸಿಕೊಳ್ಳಲು ಯಾವ ತಲೆಯೂ ಬೇಕಿಲ್ಲ. ಗಾಯದ ವರ್ಷದಲ್ಲೂ ಪಾಟೀದಾರರನ್ನು ಹಿಡಿದುಕೊಂಡಿದ್ದು ಕೀಪರ್ ಲೆಕ್ಕ.

ಈಗ ನಮ್ಮ ಲೀಗಿನ ನಿಯಮ. ಇದು ಗೊತ್ತಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. ಡ್ರಾಫ್ಟಿನಲ್ಲಿ 23 ರೌಂಡು. ಹೋದ ವರ್ಷ ಯಾವ ರೌಂಡಿನಲ್ಲಿ ತೆಗೆದುಕೊಂಡೆವೋ ಅದಕ್ಕಿಂತ ಎರಡು ರೌಂಡ್ ಮುಂಚಿನ ಸರದಿಯನ್ನು ಬಿಟ್ಟುಕೊಟ್ಟರೆ ಆ ಆಟಗಾರ ನಮ್ಮವನೇ. 9ನೇ ರೌಂಡಿನವನಿಗೆ 7ನೆಯದು ಬೆಲೆ. ಸೀಸನ್ ನಡುವೆ ವೇವರ್‌ನಿಂದ, ಅಂದರೆ ಯಾರೂ ಕೇಳದೆ ಬಿದ್ದಿದ್ದವರಿಂದ, ಎತ್ತಿಕೊಂಡವರಿಗೆ 16ನೇ ರೌಂಡ್. ಒಬ್ಬನನ್ನು ಹೆಚ್ಚೆಂದರೆ ಎರಡು ಸಲ ಉಳಿಸಿಕೊಳ್ಳಬಹುದು. ಕ್ಯಾಟಗರಿ ಹತ್ತು. ಬ್ಯಾಟಿಂಗಿಗೆ ರನ್, ಹೋಮ್ ರನ್, ಆರ್‌ಬಿಐ (ತನ್ನ ಹೊಡೆತದಿಂದ ತಂಡಕ್ಕೆ ಬಂದ ರನ್), ಸ್ಟೋಲನ್ ಬೇಸ್ ಅಂದರೆ ಕದ್ದ ಬೇಸ್, ಸರಾಸರಿ (ಹಿಟ್ ಆದ ಪ್ರಮಾಣ; .290 ಅಂದರೆ ಸಾವಿರಕ್ಕೆ 290). ಪಿಚಿಂಗಿಗೆ ಗೆಲುವು, ಸೇವ್ (ಕೊನೆಯಲ್ಲಿ ಬಂದು ತಂಡದ ಮುನ್ನಡೆ ಕಾಪಾಡುವುದು), ಸ್ಟ್ರೈಕೌಟ್, ಇಆರ್‌ಎ (ಒಂಬತ್ತು ಇನ್ನಿಂಗ್ಸಿಗೆ ಪಿಚರ್ ಲೆಕ್ಕಕ್ಕೆ ಬೀಳುವ ರನ್, ಕಡಿಮೆ ಇದ್ದಷ್ಟೂ ಒಳ್ಳೆಯದು), ವಿಪ್ (ಇನ್ನಿಂಗ್ಸಿಗೆ ಕೊಟ್ಟ ಹಿಟ್ ಮತ್ತು ವಾಕ್; ವಾಕ್ ಅಂದರೆ ನಾಲ್ಕು ಕೆಟ್ಟ ಚೆಂಡಿಗೆ ಸಿಗುವ ಪುಕ್ಕಟೆ ಬೇಸ್).

ನನ್ನ ಆರು ಜನ, ಬೆಲೆ ಸಮೇತ:

ನಿಕ್ ಕರ್ಟ್ಜ್, ಅಥ್ಲೆಟಿಕ್ಸ್, 16ನೇ ರೌಂಡ್.
ಕ್ಯಾಲ್ ರಾಲಿ, ಸಿಯಾಟಲ್, 7ನೇ ರೌಂಡ್.
ಪೀಟ್ ಕ್ರೋ-ಆರ್ಮ್‌ಸ್ಟ್ರಾಂಗ್, ಶಿಕಾಗೋ ಕಬ್ಸ್, 11ನೇ ರೌಂಡ್.
ರೊನಾಲ್ಡ್ ಅಕುನ್ಯಾ ಜೂನಿಯರ್, ಅಟ್ಲಾಂಟಾ, 1ನೇ ರೌಂಡ್.
ಸ್ಪೆನ್ಸರ್ ಸ್ಟ್ರೈಡರ್, ಅಟ್ಲಾಂಟಾ, 5ನೇ ರೌಂಡ್.
ಎಡ್ವಿನ್ ಡಿಯಾಜ್, ಹೋದ ವರ್ಷ ಮೆಟ್ಸ್, ಈಗ ಡಾಡ್ಜರ್ಸ್, 3ನೇ ರೌಂಡ್.

ಈ ಪಟ್ಟಿ ನೋಡಿದ ತಕ್ಷಣ ನನ್ನ ಹೆಂಡತಿ ಕೇಳಿದ್ದು, "ಇದರಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡೋನು ಯಾರು?" ಅಕುನ್ಯಾ ಎಂದೆ. "ಮತ್ತೆ ಅವನನ್ನ ಇಟ್ಕೊಳ್ಳಿ." ಬಹಳ ಜನ ಇಲ್ಲೇ ಜಾರುವುದು. ನಾನೂ ಮೊದಲ ಎರಡು ವರ್ಷ ಹೀಗೇ ಮಾಡಿ ಕೊನೆಯ ಸಾಲಿನಲ್ಲಿ ಕೂತಿದ್ದೆ. ಅಕುನ್ಯಾ ಎಷ್ಟು ಒಳ್ಳೆಯ ಆಟಗಾರ ಎಂಬುದು ಅರ್ಧ ಪ್ರಶ್ನೆ. ಅವನಿಗಾಗಿ ಬಿಟ್ಟುಕೊಡುವ ಸರದಿಯಲ್ಲಿ ಇನ್ಯಾರು ಸಿಗುತ್ತಿದ್ದರು ಎಂಬುದು ಉಳಿದರ್ಧ.

ರೌಂಡ್ ಎಣಿಸಿದರೆ ಸಾಲದು

ಸುಲಭದ ಲೆಕ್ಕ ಎಲ್ಲರಿಗೂ ಗೊತ್ತು. ಈಗ ಡ್ರಾಫ್ಟಿಗೆ ಬಿಟ್ಟರೆ ಯಾವ ರೌಂಡಿನಲ್ಲಿ ಹೋಗುತ್ತಾನೆ, ನಾವು ಕೊಡುವುದು ಯಾವ ರೌಂಡ್, ಎರಡನ್ನೂ ಕಳೆಯಿರಿ. ಜಾಸ್ತಿ ಬಂದವನನ್ನು ಇಟ್ಟುಕೊಳ್ಳಿ. ಆದರೆ ಒಂದು ರೌಂಡ್ ಇನ್ನೊಂದು ರೌಂಡಿಗೆ ಸಮ ಅಲ್ಲ. ಮೊದಲ ರೌಂಡಿನಿಂದ ಮೂರನೆಯದಕ್ಕೆ ಇಳಿದರೆ ಮಹಡಿಯಿಂದ ಬಿದ್ದ ಹಾಗೆ. 14ರಿಂದ 16ಕ್ಕೆ ಇಳಿದರೆ ಹೊಸ್ತಿಲು ದಾಟಿದ ಹಾಗೆ, ಗೊತ್ತೇ ಆಗುವುದಿಲ್ಲ.

ಅದಕ್ಕೆ ನಾನು ನನ್ನದೇ ಒಂದು ಅಂದಾಜಿನ ಪಟ್ಟಿ ಇಟ್ಟುಕೊಂಡಿದ್ದೇನೆ. ವಿಜ್ಞಾನ ಏನೂ ಅಲ್ಲ, ನಮ್ಮ ಲೀಗಿನ ಹಳೇ ಡ್ರಾಫ್ಟುಗಳನ್ನು ನೋಡಿ ಬರೆದುಕೊಂಡ ಅಂಕಗಳು. ಮೊದಲ ರೌಂಡಿನ ಶುರುವಿಗೆ 42, ನಡುವಿಗೆ 38. ಎರಡನೇ ರೌಂಡ್ 30, ಮೂರು 26, ನಾಲ್ಕು 22, ಐದು 20, ಏಳು 16, ಹನ್ನೊಂದು 9, ಹದಿನಾರು 4. ನಿಮ್ಮ ಲೀಗಿಗೆ ನೀವೇ ಬರೆದುಕೊಳ್ಳಿ. ಅಂಕ ಹೆಚ್ಚುಕಡಿಮೆ ಆದರೂ ಪರವಾಗಿಲ್ಲ, ಇಳಿಜಾರು ಶುರುವಿನಲ್ಲಿ ಕಡಿದಾಗಿಯೂ ಆಮೇಲೆ ಮಟ್ಟಸವಾಗಿಯೂ ಇದ್ದರೆ ಸಾಕು.

ಈ ಅಳತೆಗೋಲಿನಲ್ಲಿ ಕರ್ಟ್ಜ್ ವಿಚಾರ ಐದು ನಿಮಿಷದ್ದು. 2025ರ ಏಪ್ರಿಲ್ 23ರಂದು ಮೊದಲ ಪಂದ್ಯ ಆಡಿದ. ಸೀಸನ್ ಮುಗಿಯುವ ಹೊತ್ತಿಗೆ 36 ಹೋಮ್ ರನ್, ಸರಾಸರಿ .290, ಮೇಜರ್ ಲೀಗಿನ ಎರಡು ಭಾಗಗಳಲ್ಲಿ ಒಂದಾದ ಅಮೆರಿಕನ್ ಲೀಗಿನ ವರ್ಷದ ಹೊಸ ಆಟಗಾರ. ಜುಲೈ 25ರಂದು ಹ್ಯೂಸ್ಟನ್‌ನಲ್ಲಿ ಒಂದೇ ಪಂದ್ಯದಲ್ಲಿ ನಾಲ್ಕು ಹೋಮ್ ರನ್. ಅವತ್ತು ರಾತ್ರಿ ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ಫೋನ್ ನೋಡಿ ಕೂಗಿದ್ದಕ್ಕೆ ಮಗಳು ಎದ್ದು ಬಂದಿದ್ದಳು. ಹತ್ತು ಸಲ ಬ್ಯಾಟ್ ಹಿಡಿದರೆ ಮೂರು ಸಲ ಸ್ಟ್ರೈಕೌಟ್ ಆಗುತ್ತಾನೆ, ಹಾಗಾಗಿ .290 ಮತ್ತೆ ಬರುತ್ತದೆಂದು ನಾನು ನಂಬುವುದಿಲ್ಲ. .265ಕ್ಕೆ ಇಳಿದರೂ ಎರಡನೇ ರೌಂಡಿನ ಆಟಗಾರ. 30ರಲ್ಲಿ 4 ಕಳೆದರೆ 26 ಅಂಕ ಲಾಭ. ಅಥ್ಲೆಟಿಕ್ಸ್ ತಂಡ ಲಾಸ್ ವೇಗಸ್‌ಗೆ ಹೋಗುವವರೆಗೆ ಸ್ಯಾಕ್ರಮೆಂಟೊದ ಸಣ್ಣ ಮೈದಾನದಲ್ಲೇ ಆಡುತ್ತದೆ. ಅಲ್ಲಿ ಚೆಂಡು ಚೆನ್ನಾಗಿ ಹಾರುತ್ತದೆ. ಮುಂದೆ ಹೋಗೋಣ.

ಅಕುನ್ಯಾ: ಹೆಸರಿನ ಭಾರ

2023ರಲ್ಲಿ ಅಕುನ್ಯಾ 41 ಹೋಮ್ ರನ್ ಹೊಡೆದು 73 ಬೇಸ್ ಕದ್ದ. ಒಂದೇ ಸೀಸನ್ನಿನಲ್ಲಿ 40 ಹೋಮ್ ರನ್, 70 ಸ್ಟೋಲನ್ ಬೇಸ್ ಅದಕ್ಕೆ ಮುಂಚೆ ಯಾರೂ ಮಾಡಿರಲಿಲ್ಲ. 2024ರ ಮೇ ತಿಂಗಳಲ್ಲಿ ಎಡ ಮೊಣಕಾಲಿನ ಎಸಿಎಲ್ ಎಂಬ ಲಿಗಮೆಂಟ್ ಹರಿಯಿತು. ಬಲಗಾಲಿನದು 2021ರಲ್ಲೇ ಹರಿದಿತ್ತು. 2025ರ ಮೇ ಕೊನೆಯಲ್ಲಿ ವಾಪಸ್ ಬಂದು 95 ಪಂದ್ಯಗಳಲ್ಲಿ 21 ಹೋಮ್ ರನ್, ಸರಾಸರಿ .290. ಆದರೆ ಬೇಸ್ ಕದ್ದದ್ದು ಒಂಬತ್ತೇ.

ಆ ಒಂಬತ್ತನ್ನು ಹೇಗೆ ಓದುತ್ತೀರಿ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಗಾಯದ ನಂತರ ಮೊದಲ ವರ್ಷ, ತಂಡ ಓಡಲು ಬಿಡಲಿಲ್ಲ, ಈ ವರ್ಷ ಓಡುತ್ತಾನೆ ಎನ್ನಬಹುದು. ಎರಡೂ ಮೊಣಕಾಲು ಹೋದ ಮೇಲೆ 70ರ ಕಾಲ ಮುಗಿಯಿತು, 25 ಬಂದರೆ ದೊಡ್ಡದು ಎಂದೂ ಹೇಳಬಹುದು. ನಾನು ಎರಡನೇ ಗುಂಪಿನವನು. ಆದರೂ ಮೊದಲ ರೌಂಡಿನ ಆಟಗಾರನೇ, 38 ಅಂಕ ಕೊಡುತ್ತೇನೆ.

ಈಗ ಕೊಡುವ ಬೆಲೆ. ಹೋದ ವರ್ಷ ಎರಡನೇ ಸ್ಥಾನಕ್ಕೆ ಬಂದಿದ್ದರಿಂದ ಮೊದಲ ರೌಂಡಿನಲ್ಲಿ ನನಗೆ 11ನೇ ಸರದಿ. ಆದರೆ ಪಟ್ಟಿಯ ಮೊದಲ ಇಪ್ಪತ್ತು ಹೆಸರುಗಳಲ್ಲಿ ಸುಮಾರು ಐದು ಜನ ಆಗಲೇ ಕೊನೆಯ ರೌಂಡುಗಳ ಬೆಲೆಗೆ ಯಾರದ್ದೋ ಕೀಪರ್ ಆಗಿರುತ್ತಾರೆ. ಅವರು ಡ್ರಾಫ್ಟಿಗೆ ಬರುವುದೇ ಇಲ್ಲ. ಅಂದರೆ ನನ್ನ 11ನೇ ಸರದಿಗೆ ಸಿಗುವುದು ಪಟ್ಟಿಯ 16ನೇ ಹೆಸರು, ಎರಡನೇ ರೌಂಡಿನ ಶುರುವಿನ ಆಟಗಾರ, 31 ಅಂಕ. ಹಾಗಾಗಿ ಅಕುನ್ಯಾ ಲಾಭ 7.

ಇದನ್ನು ಸ್ವಲ್ಪ ನಿಂತು ನೋಡಿ. ಕೀಪರ್ ಲೀಗಿನಲ್ಲಿ ಮೊದಲ ರೌಂಡುಗಳು ಕಾಗದದ ಮೇಲೆ ಕಾಣುವಷ್ಟು ಬೆಲೆ ಬಾಳುವುದಿಲ್ಲ. ಒಳ್ಳೆಯವರು ಆಗಲೇ ಮನೆ ಸೇರಿರುತ್ತಾರೆ. ಕೊನೆಯ ರೌಂಡುಗಳಿಗೆ ಬರುವ ಹೊತ್ತಿಗೆ ಈ ಅಂತರ ಮುಚ್ಚಿಹೋಗುತ್ತದೆ, ಯಾಕೆಂದರೆ ಕೀಪರ್ ಇಟ್ಟವರೆಲ್ಲ ಅಷ್ಟು ಹೊತ್ತಿಗೆ ತಮ್ಮ ಸರದಿಗಳನ್ನು ಕಳೆದುಕೊಂಡಿರುತ್ತಾರೆ. ಆದ್ದರಿಂದ ಮೊದಲ ರೌಂಡ್ ಕೊಟ್ಟು ಮೊದಲ ರೌಂಡಿನವನನ್ನೇ ಇಟ್ಟುಕೊಳ್ಳುವುದು ದಡ್ಡತನ ಎಂದು ಎಲ್ಲರೂ ಹೇಳುವ ಮಾತು ಪೂರ್ತಿ ನಿಜವಲ್ಲ. ಲಾಭ ಇದೆ. ಇದೇ ಲಾಭಕ್ಕೆ ಮೂರರಲ್ಲಿ ಒಂದು ಜಾಗ ಖರ್ಚು ಮಾಡುವಷ್ಟು ಇದೆಯಾ ಅನ್ನುವುದು ಬೇರೆ ಮಾತು. ನಿಮ್ಮ ಲೀಗಿನಲ್ಲಿ ಇಬ್ಬರೇ ಒಳ್ಳೆಯ ಕೀಪರುಗಳಿದ್ದು ಮೂರನೇ ಜಾಗ ಖಾಲಿ ಹೊಡೆಯುತ್ತಿದ್ದರೆ ಅಕುನ್ಯಾನನ್ನು ಕಣ್ಣು ಮುಚ್ಚಿ ಇಟ್ಟುಕೊಳ್ಳಿ.

ಸರದಿಯ ಬದಲು ಹರಾಜಿನಲ್ಲಿ ಆಟಗಾರರನ್ನು ಕೊಳ್ಳುವ ಲೀಗಿನವರಿಗೆ ಇದೇ ಮಾತು ಡಾಲರಿನಲ್ಲಿ. ತಂಡಕ್ಕೆ 260 ಡಾಲರ್, ಹನ್ನೆರಡು ತಂಡ, ಒಟ್ಟು 3,120. ಕೀಪರುಗಳ ಬೆಲೆಯೆಲ್ಲ ಸೇರಿ 500, ಆದರೆ ಅವರ ನಿಜವಾದ ಮೌಲ್ಯ 900 ಎಂದುಕೊಳ್ಳಿ. ಉಳಿದ ಹಣ 2,620, ಉಳಿದ ಸರಕು 2,220. ಸರಕು ಕಡಿಮೆ, ಹಣ ಜಾಸ್ತಿ. ಸಂತೆಯಲ್ಲಿ ಏನಾಗುತ್ತದೋ ಅದೇ ಆಗುತ್ತದೆ, ಬೆಲೆ ನೂರಕ್ಕೆ 18ರಷ್ಟು ಏರುತ್ತದೆ. ವೆಬ್‌ಸೈಟಿನಲ್ಲಿ 40 ಡಾಲರ್ ಎಂದಿರುವವನು ಹರಾಜಿನಲ್ಲಿ 47ಕ್ಕೆ ಹೋಗುತ್ತಾನೆ. ನಿಮ್ಮ ಹತ್ತಿರ ಅವನೇ 41 ಡಾಲರಿಗೆ ಕೀಪರ್ ಆಗಿ ಇದ್ದರೆ, "ಒಂದು ಡಾಲರ್ ನಷ್ಟ" ಎಂದು ಬಿಟ್ಟುಬಿಡುತ್ತೀರಿ. ಅಸಲಿಗೆ ಆರು ಡಾಲರ್ ಲಾಭ ಬಿಟ್ಟಿರಿ.

ರಾಲಿಯಾ, ಕ್ರೋ-ಆರ್ಮ್‌ಸ್ಟ್ರಾಂಗಾ?

ನಿಜವಾದ ತಲೆನೋವು ಇದು. ಉಳಿದಿರುವ ಎರಡು ಜಾಗಕ್ಕೆ ಈ ಇಬ್ಬರು ಮತ್ತು ಅಕುನ್ಯಾ. ಒಬ್ಬರು ಹೊರಗೆ.

ಕ್ಯಾಲ್ ರಾಲಿ 2025ರಲ್ಲಿ 60 ಹೋಮ್ ರನ್ ಹೊಡೆದ. ಕ್ಯಾಚರ್! ಅಂದರೆ ಬ್ಯಾಟ್ಸ್‌ಮನ್ ಹಿಂದೆ ಕೂತು ಚೆಂಡು ಹಿಡಿಯುವವನು. ಅದಕ್ಕೆ ಮುಂಚೆ ಕ್ಯಾಚರ್ ಜಾಗದವನೊಬ್ಬನ ದಾಖಲೆ 48, ಸಾಲ್ವಡಾರ್ ಪೆರೆಜ್ 2021ರಲ್ಲಿ ಮಾಡಿದ್ದು. ಜೊತೆಗೆ 125 ಆರ್‌ಬಿಐ, ಕುಳಿತೆದ್ದು ಸವೆಯುವ ಆ ಮೊಣಕಾಲಿನಲ್ಲೂ 14 ಸ್ಟೋಲನ್ ಬೇಸ್. ಪೀಟ್ ಕ್ರೋ-ಆರ್ಮ್‌ಸ್ಟ್ರಾಂಗ್ 31 ಹೋಮ್ ರನ್, 35 ಸ್ಟೋಲನ್ ಬೇಸ್, 95 ಆರ್‌ಬಿಐ. ತಮಾಷೆ ಏನೆಂದರೆ ಇಬ್ಬರ ಸರಾಸರಿಯೂ ಸರಿಯಾಗಿ .247.

ಆದರೆ ಒಂದೇ .247ರ ಒಳಗೆ ಇಬ್ಬರು ಬೇರೆ ಬೇರೆ ಮನುಷ್ಯರಿದ್ದಾರೆ. ರಾಲಿ ಕೆಟ್ಟ ಚೆಂಡು ಬಿಡುತ್ತಾನೆ, ವಾಕ್ ಪಡೆಯುತ್ತಾನೆ. ಬೇಸ್ ತಲುಪುವ ಪ್ರಮಾಣ, ಓಬಿಪಿ, .359. ಕ್ರೋ-ಆರ್ಮ್‌ಸ್ಟ್ರಾಂಗ್ ಎದುರಿಗೆ ಬಂದದ್ದಕ್ಕೆಲ್ಲ ಬ್ಯಾಟ್ ಬೀಸುತ್ತಾನೆ, ಅವನದು .287. ನಿಮ್ಮ ಲೀಗಿನಲ್ಲಿ ಸರಾಸರಿಯ ಬದಲು ಓಬಿಪಿ ಎಣಿಸುತ್ತಿದ್ದರೆ ಇಲ್ಲಿಗೇ ಓದು ನಿಲ್ಲಿಸಿ ರಾಲಿಯ ಹೆಸರು ಬರೆದು ಕಳಿಸಿ. ಕ್ಯಾಟಗರಿ ಬದಲು ಪ್ರತಿ ಸಾಧನೆಗೂ ಅಂಕ ಕೂಡಿಸುವ ಪಾಯಿಂಟ್ಸ್ ಲೀಗಾದರೂ ಬಹುತೇಕ ಅದೇ ಉತ್ತರ.

ನಮ್ಮದು ಸರಾಸರಿ ಎಣಿಸುವ ಲೀಗು. ಹಾಗಾಗಿ ಲೆಕ್ಕ ಮುಂದುವರಿಯುತ್ತದೆ. ಡ್ರಾಫ್ಟಿಗೆ ಬಿಟ್ಟರೆ ರಾಲಿ ಎರಡನೇ ರೌಂಡ್, 30. ಬೆಲೆ 16. ಲಾಭ 14. ಕ್ರೋ-ಆರ್ಮ್‌ಸ್ಟ್ರಾಂಗ್ ಮೂರನೇ ರೌಂಡ್ ಎಂದುಕೊಂಡರೆ 26, ಬೆಲೆ 9, ಲಾಭ 17. ನಾಲ್ಕನೇ ರೌಂಡಿಗೆ ಇಳಿದರೆ ಲಾಭ 13. ಒಂದೆರಡು ಅಂಕದ ಆಟ. ಇಷ್ಟು ಹತ್ತಿರ ಬಂದಾಗ ಅಂಕ ಪಕ್ಕಕ್ಕಿಟ್ಟು ಆಟಗಾರನನ್ನು ನೋಡಬೇಕು.

ಕ್ರೋ-ಆರ್ಮ್‌ಸ್ಟ್ರಾಂಗ್‌ನ ವರ್ಷವನ್ನು ಎರಡು ತುಂಡು ಮಾಡಿ. ಸೀಸನ್ ನಡುವಿನ ಆಲ್-ಸ್ಟಾರ್ ವಿರಾಮದ ಹೊತ್ತಿಗೆ 25 ಹೋಮ್ ರನ್, 27 ಸ್ಟೋಲನ್ ಬೇಸ್. ಎಂವಿಪಿ, ಅಂದರೆ ವರ್ಷದ ಶ್ರೇಷ್ಠ ಆಟಗಾರನ ಪ್ರಶಸ್ತಿಯ ಮಾತು ಕೇಳಿಬರುತ್ತಿತ್ತು. ವಿರಾಮದ ನಂತರ ಆರು ಹೋಮ್ ರನ್, ಎಂಟು ಬೇಸ್. ಪಿಚರುಗಳು ಚೆಂಡನ್ನು ಸ್ಟ್ರೈಕ್ ಜಾಗದ ಆಚೆ ಹಾಕತೊಡಗಿದರು, ಇವನು ಬೀಸುವುದು ಬಿಡಲಿಲ್ಲ. ಕೊನೆಯ ಎರಡು ತಿಂಗಳು ಬೆಂಚಿನಲ್ಲಿ ಕೂರಿಸೋಣ ಅಂದರೆ ಮನಸ್ಸು ಬರುತ್ತಿರಲಿಲ್ಲ, ಆಡಿಸಿದರೆ ಸರಾಸರಿ ಕುಸಿಯುತ್ತಿತ್ತು. ನಾನು ಮೊದಲ ಸ್ಥಾನ ಕಳೆದುಕೊಂಡಿದ್ದು ಆಗಲೇ.

ರಾಲಿ ಮತ್ತೆ 60 ಹೊಡೆಯುತ್ತಾನಾ? ಇಲ್ಲ. ನಾನು 40ರ ಮೇಲೆ ಲೆಕ್ಕ ಹಾಕುತ್ತಿದ್ದೇನೆ. 2024ರಲ್ಲಿ 34 ಹೊಡೆದಿದ್ದ, ಹಾಗಾಗಿ 40 ಅತಿಯಾಸೆ ಅಲ್ಲ. 40 ಹೊಡೆದರೂ ಬೇರೆ ಕ್ಯಾಚರುಗಳಿಗಿಂತ ಮೈಲಿ ಮುಂದೆ. ಔಟ್‌ಫೀಲ್ಡರ್ ಬೇಕೆಂದರೆ ಹದಿನೈದನೇ ರೌಂಡಿನಲ್ಲೂ 20 ಹೋಮ್ ರನ್ನಿನವನು ಸಿಗುತ್ತಾನೆ. ಅದೇ ರೌಂಡಿನಲ್ಲಿ ಕ್ಯಾಚರ್ ಹುಡುಕಿದರೆ ವಾರಕ್ಕೆ ನಾಲ್ಕು ದಿನ ಆಡಿ .220 ಹೊಡೆಯುವವನು ಸಿಗುತ್ತಾನೆ. ಅಪಾಯ ಇಲ್ಲವೆಂದಲ್ಲ. 159 ಪಂದ್ಯ ಆಡಿದ ಕ್ಯಾಚರ್ ಮುಂದಿನ ವರ್ಷವೂ ಅಷ್ಟೇ ಆಡುತ್ತಾನೆಂದು ದೇಹಕ್ಕೆ ಯಾರೂ ಹೇಳಿಲ್ಲ.

ಸ್ಟೋಲನ್ ಬೇಸ್ ಬಗ್ಗೆ ಹಳೆಯ ಅಭ್ಯಾಸ ಬಿಡಬೇಕು. 2022ರಲ್ಲಿ ಇಡೀ ಮೇಜರ್ ಲೀಗಿನಲ್ಲಿ 2,486 ಬೇಸ್ ಕದ್ದಿದ್ದರು. 2023ರಲ್ಲಿ ಬೇಸಿನ ಅಗಲ 15 ಇಂಚಿನಿಂದ 18ಕ್ಕೆ ಹೋಯಿತು, ಪಿಚರ್ ಬೇಸಿನ ಕಡೆ ಎಸೆಯುವುದಕ್ಕೂ ಮಿತಿ ಬಂತು. ಆ ವರ್ಷ 3,503. ಮೊದಲು 30 ಬೇಸ್ ಕದಿಯುವವನು ಸಿಕ್ಕರೆ ಬಂಗಾರ ಸಿಕ್ಕ ಹಾಗೆ. ಈಗ ಎಲ್ಲರೂ ಓಡುತ್ತಾರೆ. ಹುವಾನ್ ಸೋಟೊನನ್ನೇ ನೋಡಿ. 2024ರಲ್ಲಿ ಏಳು, 2025ರಲ್ಲಿ 38. ಅವನ ಹತ್ತಿರ ಆ ಕಾಲು ಇದೆ ಎಂದು ಯಾರಿಗೆ ಗೊತ್ತಿತ್ತು? ಹಾಗಾಗಿ ಕ್ರೋ-ಆರ್ಮ್‌ಸ್ಟ್ರಾಂಗ್‌ನ 35ಕ್ಕೆ ನಾನು 2022ರ ಬೆಲೆ ಕೊಡುವುದಿಲ್ಲ.

ಎರಡನೇ ವರ್ಷವೂ ನೋಡಬೇಕು. 2027ಕ್ಕೆ ರಾಲಿಯ ಬೆಲೆ 5ನೇ ರೌಂಡ್ ಆಗುತ್ತದೆ, ಕ್ರೋ-ಆರ್ಮ್‌ಸ್ಟ್ರಾಂಗ್‌ನದು 9. ಅಲ್ಲಿ ಕಬ್ಸ್ ಹುಡುಗನಿಗೆ ಸ್ವಲ್ಪ ಮುನ್ನಡೆ. 2025ರಲ್ಲಿ ಅವನಿಗೆ 23. ಆದರೆ ನಮ್ಮ ಲೀಗಿನಲ್ಲಿ ಎರಡೇ ಸಲ ಉಳಿಸಿಕೊಳ್ಳುವ ಅವಕಾಶ ಇರುವುದರಿಂದ ವಯಸ್ಸಿಗೆ ಜಾಸ್ತಿ ತೂಕ ಕೊಡಬೇಡಿ. 33ರ ಆರನ್ ಜಡ್ಜ್ 2025ರಲ್ಲಿ 53 ಹೋಮ್ ರನ್, .331 ಸರಾಸರಿ ಹೊಡೆದು ಎಂವಿಪಿ ಆದ. ಹತ್ತು ವರ್ಷ ಇಟ್ಟುಕೊಳ್ಳುವ ಡೈನಸ್ಟಿ ಲೀಗಿನ ಲೆಕ್ಕ ಬೇರೆ, ಅಲ್ಲಿ ಹುಟ್ಟಿದ ದಿನಾಂಕವೇ ಎಲ್ಲ.

ಪಿಚರುಗಳು, ಮತ್ತೆ ಒಂದು ಬುರುಡೆ ಕಥೆ ಅಲ್ಲದ ಕಥೆ

ಸ್ಟ್ರೈಡರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2023ರಲ್ಲಿ 20 ಗೆಲುವು, 281 ಸ್ಟ್ರೈಕೌಟ್. 2024ರಲ್ಲಿ ನಮ್ಮ ಗೆಳೆಯನೊಬ್ಬ ಮೊದಲ ರೌಂಡ್ ಕೊಟ್ಟು ಉಳಿಸಿಕೊಂಡ. ಎರಡೇ ಪಂದ್ಯ. ಮೊಣಕೈ ಹೋಯಿತು, ಸರ್ಜರಿ, ಸೀಸನ್ ಮುಗಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. 2025ರಲ್ಲಿ ನಾನು ಅಗ್ಗಕ್ಕೆ ಸಿಕ್ಕಿದ ಎಂದು ಹಿರಿಹಿರಿ ಹಿಗ್ಗಿ ತೆಗೆದುಕೊಂಡೆ. ಇಆರ್‌ಎ 4.45. ಐದನೇ ರೌಂಡಿಗೆ ಇಟ್ಟುಕೊಳ್ಳುವ ಪ್ರಶ್ನೆಯೇ ಇಲ್ಲ, ಬೇಕಿದ್ದರೆ ಡ್ರಾಫ್ಟಿನಲ್ಲಿ ಅದಕ್ಕಿಂತ ಕೆಳಗೆ ಸಿಗುತ್ತಾನೆ.

ನನ್ನ ನಿಯಮ ಇದು. ಬ್ಯಾಟ್ಸ್‌ಮನ್ ಮತ್ತು ಪಿಚರ್ ಇಬ್ಬರ ಲಾಭವೂ ಒಂದೇ ಬಂದರೆ ಬ್ಯಾಟ್ಸ್‌ಮನ್. ಪಿಚರಿಗೆ ಲೆಕ್ಕದಲ್ಲಿ ಬಂದ ಲಾಭದಿಂದ ಮೂರರಲ್ಲಿ ಒಂದು ಪಾಲು ಕಿತ್ತು ಹಾಕುತ್ತೇನೆ. ಅದು ಮೊಣಕೈಗೆ ಕಟ್ಟುವ ಸುಂಕ. 2022ರಲ್ಲಿ ನ್ಯಾಷನಲ್ ಲೀಗಿನ ಶ್ರೇಷ್ಠ ಪಿಚರಿಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದ ಸ್ಯಾಂಡಿ ಅಲ್ಕಾಂಟರಾ ಮೊಣಕೈಗೆ ಟಾಮಿ ಜಾನ್ ಎಂಬ ಸರ್ಜರಿ ಮಾಡಿಸಿಕೊಂಡು 2025ರಲ್ಲಿ ವಾಪಸ್ ಬಂದಾಗ ಇಆರ್‌ಎ 5.36. ಸರ್ಜರಿ ಆದ ಮೇಲೆ ಒಂದು ವರ್ಷದಿಂದ ಒಂದೂವರೆ ವರ್ಷ ಮನೆಯಲ್ಲಿ. ಬಂದ ಮೊದಲ ವರ್ಷ ಕೈ ಮಾತು ಕೇಳುವುದಿಲ್ಲ. ಎರಡು ವರ್ಷ ಮಾತ್ರ ಇಟ್ಟುಕೊಳ್ಳುವ ನಮ್ಮಂಥ ಲೀಗಿನಲ್ಲಿ ಅಷ್ಟಕ್ಕೇ ಎಲ್ಲ ಮುಗಿದಿರುತ್ತದೆ.

ಸುಂಕ ಕಟ್ಟಿದ ಮೇಲೂ ಉಳಿಯುವವರು ಇದ್ದಾರೆ. ನ್ಯೂಜೆರ್ಸಿಯ ಗೆಳೆಯನ ಹತ್ತಿರ ಪಾಲ್ ಸ್ಕೀನ್ಸ್ 15ನೇ ರೌಂಡಿಗೆ ಇದ್ದಾನೆ. 2024ರ ಡ್ರಾಫ್ಟಿನ ಕೊನೆಯಲ್ಲಿ, ಇನ್ನೂ ಮೇಜರ್ ಲೀಗಿಗೆ ಬಂದಿರದಾಗ, ತೆಗೆದುಕೊಂಡಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನಾವೆಲ್ಲ ನಕ್ಕಿದ್ದೆವು. ಆ ವರ್ಷ ಇಆರ್‌ಎ 1.96, ಮುಂದಿನ ವರ್ಷ 1.97 ಮತ್ತು ಸೈ ಯಂಗ್. ಪಿಟ್ಸ್‌ಬರ್ಗ್ ತಂಡ ರನ್ ಹೊಡೆಯದ ಕಾರಣ ಗೆಲುವು ಹತ್ತು, ಸೋಲೂ ಹತ್ತು. ಗೆಲುವಿನ ಕ್ಯಾಟಗರಿ ನೋಡಿ ಪಿಚರನ್ನು ಅಳೆಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಡ.

ಡಿಯಾಜ್ ಕ್ಲೋಸರ್, ಅಂದರೆ ಸೇವ್ ಮಾಡಲು ಪಂದ್ಯದ ಕೊನೆಗೆ ಬರುವ ಪಿಚರ್. 2025ರಲ್ಲಿ ಇಆರ್‌ಎ 1.63, 28 ಸೇವ್. ಚೆನ್ನಾಗಿಯೇ ಇದೆ. ಮೂರನೇ ರೌಂಡಿಗೆ ಬೇಡ. 2023ರ ಮಾರ್ಚ್‌ನಲ್ಲಿ ನಡೆದದ್ದು ನನಗೆ ಮರೆಯುವುದಿಲ್ಲ. ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ನಲ್ಲಿ ಪೋರ್ಟೊರಿಕೊ ಡೊಮಿನಿಕನ್ ರಿಪಬ್ಲಿಕನ್ನು ಸೋಲಿಸಿತು. ಕೊನೆಯ ಔಟ್ ತೆಗೆದವನು ಡಿಯಾಜ್. ಗೆದ್ದ ಖುಷಿಗೆ ಎಲ್ಲ ಸೇರಿ ಕುಣಿದರು. ಕುಣಿತದಲ್ಲೇ ಅವನ ಮೊಣಕಾಲಿನ ಟೆಂಡನ್ ಹರಿಯಿತು. ಇಡೀ ಸೀಸನ್ ಹೋಯಿತು. ಅವನನ್ನು ಕೀಪರ್ ಮಾಡಿದ್ದ ಗೆಳೆಯ ಪಟ್ಟಿ ಕೊಟ್ಟು ಮೂರು ದಿನ ಆಗಿತ್ತಷ್ಟೆ. ಅದಾದ ಮೇಲೆ ನಾವು ನಿಯಮ ಮಾಡಿಕೊಂಡೆವು. ಪಟ್ಟಿ ಕೊಟ್ಟು ಡ್ರಾಫ್ಟ್ ಆಗುವ ಮುಂಚೆ ಸೀಸನ್ ಮುಗಿಸುವ ಗಾಯ ಆದರೆ ಹೆಸರು ಬದಲಾಯಿಸಬಹುದು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಆದರೂ ನಿಮ್ಮಲ್ಲಿ ಇಲ್ಲದಿದ್ದರೆ ಈಗಲೇ ಮಾಡಿಕೊಳ್ಳಿ. ಸೇವ್ ಬೇಕೆಂದರೆ ಪ್ರತಿ ವರ್ಷ ಮೇ ತಿಂಗಳಲ್ಲಿ ವೇವರ್‌ನಲ್ಲಿ ಹೊಸ ಕ್ಲೋಸರ್ ಸಿಗುತ್ತಾನೆ.

ನಿಯಮದ ಮಾತು ಬಂತಲ್ಲ, ಇನ್ನೊಂದು. ಬ್ಯಾಟಿಂಗೂ ಪಿಚಿಂಗೂ ಎರಡೂ ಮಾಡುವ ಶೋಹೇ ಓಟಾನಿ ನಿಮ್ಮ ಲೀಗಿನಲ್ಲಿ ಒಬ್ಬನಾ, ಇಬ್ಬರಾ? ಕೆಲವು ಸೈಟುಗಳಲ್ಲಿ ಬ್ಯಾಟ್ಸ್‌ಮನ್ ಓಟಾನಿ ಬೇರೆ, ಪಿಚರ್ ಓಟಾನಿ ಬೇರೆ. ಮೊಣಕೈ ಸರ್ಜರಿಯಿಂದಾಗಿ 2024ರಲ್ಲಿ ಅವನು ಪಿಚ್ ಮಾಡಲೇ ಇಲ್ಲ, ಆಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 2025ರ ಜೂನ್‌ನಲ್ಲಿ ಮತ್ತೆ ಚೆಂಡು ಹಿಡಿದ ದಿನ ನಮ್ಮ ಗುಂಪಿನಲ್ಲಿ ಯುದ್ಧವೇ ಆಯಿತು. ಕೀಪರ್ ಮಾಡಿದ್ದು ಅರ್ಧ ಓಟಾನಿಯನ್ನೋ ಇಡೀ ಓಟಾನಿಯನ್ನೋ ಎಂದು ಎರಡು ವಾರ ಎಳೆದಾಡಿದೆವು.

ಮಾರುಕಟ್ಟೆ ಅಂದರೆ ಹನ್ನೊಂದು ಜನ

ವೆಬ್‌ಸೈಟುಗಳು ಕೊಡುವ ಸರಾಸರಿ ಡ್ರಾಫ್ಟ್ ಸ್ಥಾನ ನೋಡಿ ನಾನು ಶುರು ಮಾಡುತ್ತೇನೆ. ಅಲ್ಲಿಗೇ ನಿಲ್ಲಿಸುವುದಿಲ್ಲ. ಆ ಪಟ್ಟಿಯನ್ನು ಮಾಡಿದವರು ಸಾವಿರಾರು ಅಪರಿಚಿತರು. ನನ್ನ ಎದುರಿಗೆ ಕೂರುವವರು ಹನ್ನೊಂದು ಜನ, ಅವರ ಜಾತಕ ನನಗೆ ಗೊತ್ತು. ಸನಿವೇಲಿನ ಗೆಳೆಯ ಜೈಂಟ್ಸ್ ಆಟಗಾರ ಯಾರೇ ಇರಲಿ ಎರಡು ರೌಂಡ್ ಮುಂಚೆ ಎತ್ತುತ್ತಾನೆ. ಕಮಿಷನರ್ ಮೊದಲ ಐದು ರೌಂಡಿನಲ್ಲಿ ಪಿಚರನ್ನು ಮುಟ್ಟುವುದಿಲ್ಲ. ಇನ್ನಿಬ್ಬರಿಗೆ ಕ್ಯಾಚರ್ ಹುಚ್ಚು. ಪ್ರತಿ ವರ್ಷ ಕ್ಯಾಚರುಗಳು ನಮ್ಮಲ್ಲಿ ಬೇಗ ಖಾಲಿ. ರಾಲಿಯನ್ನು ಡ್ರಾಫ್ಟಿಗೆ ಬಿಟ್ಟರೆ ಎರಡನೇ ರೌಂಡಿನ ಶುರುವಿನಲ್ಲೇ ಹೋಗುತ್ತಾನೆ, ಇನ್ನೊಬ್ಬ ಒಳ್ಳೆಯ ಕ್ಯಾಚರಿಗೆ ನಾನು ಐದನೇ ರೌಂಡ್ ಕೊಡಬೇಕಾಗುತ್ತದೆ. ನಮ್ಮ ಲೀಗಿನ ಮಟ್ಟಿಗೆ ರಾಲಿಯ 14 ಅಂಕ 17ರ ಹತ್ತಿರ ಬಂದಿದ್ದು ಹೀಗೆ. ನಿಮ್ಮ ಲೀಗಿನಲ್ಲಿ ಕ್ಯಾಚರನ್ನು ಯಾರೂ ಕೇಳದಿದ್ದರೆ ಇದು ಉಲ್ಟಾ ಹೊಡೆಯುತ್ತದೆ.

ನಿಮಗೂ ಇದು ಬೇಕಿದ್ದರೆ ಕಳೆದ ಮೂರು ವರ್ಷದ ಡ್ರಾಫ್ಟ್ ಪಟ್ಟಿ ತೆಗೆದು ಒಂದು ಸಂಜೆ ಕೂತು ನೋಡಿ. ಯಾರು ಯಾವ ಜಾಗವನ್ನು ಯಾವಾಗ ತುಂಬುತ್ತಾರೆ ಎಂದು ಗುರುತು ಹಾಕಿ. ಮನುಷ್ಯರು ಅಷ್ಟೇನೂ ಬದಲಾಗುವುದಿಲ್ಲ.

ಬಿಡುವವನನ್ನು ಸುಮ್ನೆ ಬಿಡಬೇಡಿ. ಪಟ್ಟಿ ಮುಚ್ಚುವ ಮುಂಚೆ ವ್ಯಾಪಾರ ಮಾಡಿ. ಮೂವರಲ್ಲಿ ಹೊರಗೆ ಹೋಗುವವನು ಅಕುನ್ಯಾ. ನನಗೆ 7 ಅಂಕದ ಅವನು ಬೇರೆಯವರಿಗೆ ಜಾಸ್ತಿ ಬಾಳಬಹುದು. ಒಬ್ಬ ಒಳ್ಳೆಯ ಕೀಪರೂ ಇಲ್ಲದ ಗೆಳೆಯನಿಗೆ ಜಾಗ ಖಾಲಿ ಇರುತ್ತದೆ, ಅವನಿಗೆ ಅಕುನ್ಯಾನಿಂದ ಬರುವುದೆಲ್ಲ ಲಾಭ. ಅಟ್ಲಾಂಟಾದ ಗೆಳೆಯನದು ಸರಿಯಾಗಿ ಇದೇ ಪರಿಸ್ಥಿತಿ. ಮನೆ ಗೋಡೆ ಮೇಲೆ ಅಕುನ್ಯಾನ ತಂಡ ಬ್ರೇವ್ಸ್‌ನ ಬಾವುಟ ಬೇರೆ. ಹೋದ ವರ್ಷ ಕೆಳಗಿನಿಂದ ಎರಡನೆಯವನಾಗಿದ್ದರಿಂದ ಈ ಸಲ ಅವನಿಗೆ ಎರಡನೇ ಸರದಿ. ಆ ಮೊದಲ ರೌಂಡನ್ನು ಅಕುನ್ಯಾಗೆ ಕೊಟ್ಟರೆ ಅವನಿಗೆ ನಷ್ಟ, ಯಾಕೆಂದರೆ ಅಲ್ಲಿ ಓಟಾನಿಯೋ ಜಡ್ಜೋ ಸಿಗುತ್ತಾರೆ. ಅದಕ್ಕೆ ನಾನು ಹೇಳಿದ್ದು ಹೀಗೆ: ನನ್ನ ಅಕುನ್ಯಾ ಮತ್ತು 11ನೇ ಸರದಿ ನಿನಗೆ, ನಿನ್ನ ಎರಡನೇ ಸರದಿ ನನಗೆ. ಅವನು 11ನೇ ಸರದಿಯನ್ನು ಬಿಟ್ಟುಕೊಟ್ಟು ಅಕುನ್ಯಾನನ್ನು ಇಟ್ಟುಕೊಳ್ಳುತ್ತಾನೆ. ನನಗೆ ಮೊದಲ ರೌಂಡಿನ ಶುರುವಿನ ಆಟಗಾರ, 42 ಅಂಕ. ಕೀಪರ್ ಜಾಗಗಳು ಕರ್ಟ್ಜ್, ರಾಲಿ, ಕ್ರೋ-ಆರ್ಮ್‌ಸ್ಟ್ರಾಂಗ್‌ಗೆ.

ಅವನಿಗೆ ಇದರಲ್ಲಿ ನಾಲ್ಕೈದು ಅಂಕ ನಷ್ಟ ಇದೆ, ಸುಳ್ಳು ಹೇಳುವುದಿಲ್ಲ. ಅದನ್ನು ತುಂಬಲು ನನ್ನ ಎಂಟನೇ ರೌಂಡ್ ಕೊಟ್ಟು ಅವನ ಹತ್ತನೆಯದನ್ನು ತೆಗೆದುಕೊಳ್ಳುತ್ತೇನೆ ಎಂದಿದ್ದೇನೆ. ಗೆಳೆಯರ ಲೀಗಿನಲ್ಲಿ ಒಂದು ಸಲ ಟೋಪಿ ಹಾಕಿದರೆ ಮುಂದಿನ ಮೂರು ವರ್ಷ ಯಾರೂ ಫೋನ್ ಎತ್ತುವುದಿಲ್ಲ.

ಶನಿವಾರ ರಾತ್ರಿ ಹತ್ತೂವರೆಗೆ ಮೆಸೇಜ್ ಹಾಕಿದೆ. ಅಲ್ಲಿ ಆಗಲೇ ಒಂದೂವರೆ. ಎರಡು ನೀಲಿ ಗೆರೆ ಬಿದ್ದಿದೆ. "ಯೋಚನೆ ಮಾಡ್ತೀನಿ, ರಾಲಿನೂ ಸೇರಿಸ್ತೀಯಾ?" ಎಂದು ಈಗ ತಾನೆ ಉತ್ತರ ಬಂತು.